ಕುಕ್ಕರ್‌ಗೊಂದು ಗೇಟ್ ಪಾಸ್

ನಮ್ಮ ಅಪಾರ್ಟ್‌ಮೆಂಟಿನ ಗ್ರೂಪ್‌ನಲ್ಲಿ ನಿನ್ನೆ ಕಮಿಟಿಯವರು ಸಂಭ್ರಮದಿಂದ ಒಂದು ಸುದ್ದಿ ಹಾಕಿದ್ದಾರೆ. ಕ್ಲಬ್‌ಹೌಸ್ ಪಕ್ಕದ 'ಹಂಚಿಕೆ ಕಪಾಟು' ಭರ್ಜರಿ ಯಶಸ್ಸು ಕಂಡಿದೆಯಂತೆ. ಕೆಳಗೆ 63 ಕೈಮುಗಿದ ಚಿಹ್ನೆಗಳು. ಈ ಕಪಾಟು ನಿಮ್ಮಲ್ಲೂ ಇರುತ್ತದೆ, ಬಿಡಿ. ಬೇಡದ್ದನ್ನು ಇಡಿ, ಬೇಕಾದ್ದನ್ನು ಎತ್ಕೊಳ್ಳಿ. ಇಷ್ಟೇ ಆಗಿದ್ದರೆ ನಾನು ಯಾಕೆ ಬರೆಯುತ್ತಿದ್ದೆ? ಇದಕ್ಕೆ 17 ನಿಯಮಗಳಿವೆ.

ವಸ್ತುವಿನ ಫೋಟೊವನ್ನು ಮೂರು ಕಡೆಯಿಂದ ತೆಗೆದು ಆ್ಯಪ್‌ಗೆ ಹಾಕಬೇಕು. ಮೇಂಟೆನೆನ್ಸ್ ಬಾಕಿ ಇರುವವರು ಕೊಡಬಹುದು, ತಗೊಳ್ಳುವಂತಿಲ್ಲ. ಬಾಡಿಗೆಯವರು ಮನೆ ಮಾಲೀಕರ ಒಪ್ಪಿಗೆ ತರಬೇಕು. ಯಾಕೆ ಅಂತ ಕಾರ್ಯದರ್ಶಿಯವರನ್ನು ಕೇಳಿದೆ. 'ಖಾಲಿ ಮಾಡುವಾಗ ಐಟಂ ತಗೊಂಡು ಹೊರಟುಬಿಟ್ರೆ ಸಾರ್?' ಅಂದರು. ತಗೊಂಡು ಹೋಗಲಿ ಅಂತಲೇ ಅಲ್ವಾ ಸ್ವಾಮಿ ಇಟ್ಟಿರೋದು?

ಕಮಿಟಿಯನ್ನು ಮೆಚ್ಚಲೇಬೇಕು. ನಮ್ಮ ಸಂಘ 1960ರ ಸೊಸೈಟಿ ಕಾಯ್ದೆಯ ಕೆಳಗೋ, 1972ರ ಅಪಾರ್ಟ್‌ಮೆಂಟ್ ಕಾಯ್ದೆಯ ಕೆಳಗೋ ಅಂತ ಆರು ವರ್ಷದಿಂದ ಜಗಳ ನಡೆಯುತ್ತಿದೆ. ಬಿಲ್ಡರ್ ಜಾಗದ ಪತ್ರ ಇನ್ನೂ ಕೊಟ್ಟಿಲ್ಲ. ಆದರೆ ಹಳೇ ಮಿಕ್ಸಿ ಜಾರಿನ ವಿಚಾರಕ್ಕೆ ಒಂದೇ ವಾರದಲ್ಲಿ ಉಪಸಮಿತಿ ಆಯಿತು.

ಅಸಲಿಗೆ, ಬೇಡದ್ದನ್ನು ದಾಟಿಸುವ ವಿದ್ಯೆ ನಮ್ಮ ಹೆಂಗಸರಿಗೆ ಯಾವ ಕಾಲದಿಂದಲೋ ಗೊತ್ತು. ರವಿಕೆ ಕಣವನ್ನೇ ನೋಡಿ. ವರಮಹಾಲಕ್ಷ್ಮಿಗೆ ಮೂರನೇ ಮಹಡಿಯಿಂದ ಹೊರಡುತ್ತದೆ. ಗೌರಿ ಬಾಗಿನದಲ್ಲಿ ಮೈಸೂರು ಸೇರುತ್ತದೆ. ನವರಾತ್ರಿಯಲ್ಲಿ ಗೊಂಬೆ ನೋಡಲು ಬಂದವರ ಚೀಲ ಹತ್ತಿ ಜಯನಗರಕ್ಕೆ ಬರುತ್ತದೆ. ಮಡಿಕೆ ಬಿಚ್ಚಿರುವುದಿಲ್ಲ. ಬಿಚ್ಚಿದರೂ ಒಂದು ರವಿಕೆಗೆ ಸಾಲುವುದಿಲ್ಲ, ಆ ಮಾತು ಬೇರೆ. ನನ್ನ ಹೆಂಡತಿ ಒಮ್ಮೆ ತುದಿಯಲ್ಲಿ ಪೆನ್ನಿನಿಂದ ಸಣ್ಣ ಚುಕ್ಕೆ ಇಟ್ಟು ಕೊಟ್ಟಿದ್ದಳು. ಮುಂದಿನ ಶ್ರಾವಣಕ್ಕೆ ಚುಕ್ಕೆ ನಮ್ಮ ಮನೆಗೇ ಬಂತು, ಜೊತೆಗೆ ಎರಡು ಬಾಳೆಹಣ್ಣು. ಆ್ಯಪ್ ಇಲ್ಲ, ಅಧ್ಯಕ್ಷರಿಲ್ಲ. ಗೃಹಪ್ರವೇಶದ ಗೋಡೆ ಗಡಿಯಾರಗಳೂ ಹೀಗೇ ಊರು ಸುತ್ತುತ್ತವೆ. ಸಿಕ್ಕಿಬೀಳುತ್ತಿದ್ದದ್ದು ಸ್ಟೀಲ್ ಡಬ್ಬಿ ಮಾತ್ರ. ಅದರ ಮೇಲೆ ಕೊಟ್ಟವರ ಹೆಸರು ಕೊರೆದಿರುತ್ತಿತ್ತಲ್ಲ!

ಹಳೇ ಬಟ್ಟೆಗೆ ಪಾತ್ರೆ ಕೊಡುವಾಕೆಯೂ ಬರುತ್ತಿದ್ದಳು. ಅಪ್ಪನ ಎರಡು ಪ್ಯಾಂಟು, ಒಂದು ಜರಿ ಸೀರೆಗೆ ಬೇಸಿನ್ ಕೊಡುತ್ತೇನೆ ಅಂತ ಅವಳು. ಮುಚ್ಚಳವೂ ಬೇಕು ಅಂತ ಅಮ್ಮ. ಇಡೀ ಮಧ್ಯಾಹ್ನ ಅದೇ ಚೌಕಾಸಿ. ಈಗ ಅವಳು ನಮ್ಮ ಗೇಟ್ ದಾಟಿ ಒಳಗೆ ಬರಲಿ ನೋಡೋಣ.

ಕಪಾಟಿಗೆ ಬರೋಣ. ಮೊದಲ ವಾರ ಬಂದದ್ದು: ಬಟ್ಟೆ ಒಣಗಿಸಿ ಒಣಗಿಸಿ ಸುಸ್ತಾದ ಟ್ರೆಡ್‌ಮಿಲ್, ತಿರುಗದ ಆರು ಮಾಪ್, ಜೆಇಇ ಕೋಚಿಂಗ್ ಪುಸ್ತಕಗಳ ಗುಡ್ಡ. ರಾತ್ರೋರಾತ್ರಿ ಯಾರೋ ಹಳೇ ಡಬ್ಬಾ ಟೀವಿಯನ್ನೂ ಇಟ್ಟು ಓಡಿದರು. ಇ-ತ್ಯಾಜ್ಯಕ್ಕೆ 2022ರ ನಿಯಮಗಳಿವೆ, ಅದನ್ನು ಒಯ್ಯುವ ನೋಂದಾಯಿತ ರೀಸೈಕಲ್‌ನವರಿದ್ದಾರೆ. ಫೋನ್ ಮಾಡಬೇಕಲ್ಲ? ಅದಕ್ಕಿಂತ ಟೀವಿಗೆ ದಾನ ಅಂತ ಚೀಟಿ ಅಂಟಿಸುವುದು ಸುಲಭ. ಬೀದಿಗೆ ಕಸ ಎಸೆದವರ ಮನೆ ಮುಂದೆ ಕಸ ಸುರಿಯುವ ಹಬ್ಬವನ್ನು ಬೆಂಗಳೂರಲ್ಲಿ 2025ರಲ್ಲಿ ಮಾಡಿದಾಗ ಇದೇ ಗ್ರೂಪ್ ಚಪ್ಪಾಳೆ ತಟ್ಟಿತ್ತು.

ಇನ್ನು 11ನೇ ನಿಯಮ. ಮನೆಗೆಲಸದವರು, ಹೌಸ್‌ಕೀಪಿಂಗ್‌ನವರು, ಸೆಕ್ಯುರಿಟಿಯವರು ಕಪಾಟು ಮುಟ್ಟುವಂತಿಲ್ಲ.

ನಾನು ಅದನ್ನು ಸರಿಯಾಗಿ ಓದಿರಲಿಲ್ಲ. ನಮ್ಮ ಮನೆಗೆ ಕೆಲಸಕ್ಕೆ ಬರುವಾಕೆಗೆ ಅಲ್ಲಿದ್ದ ಮೂರು ಲೀಟರ್ ಕುಕ್ಕರ್ ತೆಗೆದುಕೊಟ್ಟೆ. ಹಿಡಿ ಸ್ವಲ್ಪ ಲೂಸು, ಅಷ್ಟೇ. ಗೇಟಿನಲ್ಲಿ ಚೀಲ ಬಿಚ್ಚಿಸಿದರು. ಗೇಟ್ ಪಾಸ್ ಎಲ್ಲಿ? ನಾನು ಇಳಿದು ಹೋಗಿ ಸಹಿ ಹಾಕುತ್ತೇನೆ ಅಂದೆ. ಕುಕ್ಕರ್ ಕೊಟ್ಟವರದ್ದೇ ಸಹಿ ಬೇಕಂತೆ. ಅವರು ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗಿದ್ದರು. ಆಕೆ ಮುಕ್ಕಾಲು ಗಂಟೆ ಅಲ್ಲೇ ನಿಂತಳು, ಹೋಗಿ ಬರುವವರೆಲ್ಲ ನೋಡುತ್ತಿದ್ದರು. ಕೊನೆಗೆ ಕುಕ್ಕರ್ ವಾಪಸ್ ಕಪಾಟಿಗೆ ಹೋಯಿತು.

ತಮಾಷೆ ಮಾಡೋಣ ಅಂತಲೇ ಶುರು ಮಾಡಿದ್ದೆ, ಇಲ್ಲಿ ಆಗುತ್ತಿಲ್ಲ. ನಮ್ಮ ಮನೆ ಬೀಗದ ಕೈ ಆಕೆಯ ಹತ್ತಿರ ಇದೆ. ನಮ್ಮ ಬ್ಲಾಕಿನ ಎರಡು ಕೂಸುಗಳನ್ನು ಎತ್ತಿ ಆಡಿಸಿದ್ದು ಆಕೆ. 240 ಮನೆಗಳಲ್ಲಿ ಯಾರಿಗೂ ಬೇಡವಾದ ಕುಕ್ಕರ್ ಆಕೆಗೆ ಬೇಕಿತ್ತು. ಕೊಡಬಾರದು ಅಂತ ಕೂತು ಯೋಚಿಸಿ, ಟೈಪ್ ಮಾಡಿ, ಲ್ಯಾಮಿನೇಟ್ ಮಾಡಿಸಿದ್ದೇವೆ. ಥೂ.

ಈ ಸಲದ ಮೀಟಿಂಗ್‌ನಲ್ಲಿ ಕೇಳಿದೆ. 'ಒಬ್ಬರಿಗೆ ಕೊಟ್ರೆ ಎಲ್ಲರೂ ಕೇಳ್ತಾರೆ' ಅಂದರು. ಆಮೇಲೆ ಚರ್ಚೆ ಕಪಾಟಿಗೆ ಸಿಸಿಟಿವಿ ಹಾಕುವ ಕಡೆ ಹೋಯಿತು.

30 ದಿನ ಯಾರೂ ಮುಟ್ಟದ ಸಾಮಾನು ಗುಜರಿಗೆ ಅನ್ನುವುದು 16ನೇ ನಿಯಮ. ಹೋದ ಶನಿವಾರ ಗುಜರಿಯವನು ಬಂದ. ಅವನಿಗೆ ಗೇಟ್ ಪಾಸಿನ ತಾಪತ್ರಯ ಇಲ್ಲ, ಕಮಿಟಿಯೇ ಸಹಿ ಹಾಕಿತ್ತು. ತಕ್ಕಡಿಗೆ ಹಾಕಿ, ಎಲ್ಲಾ ತುಂಬಿಕೊಂಡು ಹೋದ.

ಸೋಮವಾರ ಆಕೆ ಪಾತ್ರೆ ತೊಳೆಯುತ್ತಾ ನಗುತ್ತಿದ್ದಳು. ಏನಮ್ಮಾ ಅಂದೆ.

'ಅದೇ ಕುಕ್ಕರ್ ಸಾರ್, ಗುಜರಿ ಅಂಗಡೀಲಿ ಸಿಕ್ತು. ಇನ್ನೂರು ಕೇಳ್ದ, ನೂರೈವತ್ತಕ್ಕೆ ತಂದೆ. ಹಿಡಿ ಅವ್ನೇ ಟೈಟ್ ಮಾಡಿಕೊಟ್ಟ.'