ತೋಳೆತ್ತಿದರೆ ಮಳೆ ಮೇಲಕ್ಕೆ

ಮಳೆಗಾಲ ಬಂತೆಂದರೆ ಎಲ್ಲರೂ ಮಳೆ ತಡೆಯುವ ಬಟ್ಟೆ ಹುಡುಕುತ್ತಾರೆ. ನನಗೆ ಮಳೆಯನ್ನೇ ತೊಡುವ ಹುಚ್ಚು ಹತ್ತಿತು. ಕಡು ಬೂದು ಬಣ್ಣದ ಹತ್ತಿ ಅಂಗಿ, ಅದರ ಮೇಲೆಲ್ಲ ಸುರಿಯುವ ಮಳೆ, ಪೂರ್ತಿ ಕೈಕಸೂತಿ. ಯೋಚನೆ ಬಂದ ದಿನ ನನ್ನಂಥ ಡಿಸೈನರ್ ಇನ್ನೊಬ್ಬಳಿಲ್ಲ.

ಬಟ್ಟೆಯನ್ನು ಮೊದಲೇ ಒಗೆದು ಒಣಗಿಸಿದೆ. ಹತ್ತಿ ಮೊದಲ ಒಗೆತಕ್ಕೆ ಕುಗ್ಗುತ್ತದೆ. ಕಸೂತಿ ಹಾಕಿದ ಮೇಲೆ ಕುಗ್ಗಿದರೆ ಹೊಲಿಗೆಯ ಸುತ್ತ ಸುಕ್ಕೋ ಸುಕ್ಕು. ನನ್ನ ಜಾಣತನ ಅಲ್ಲಿಗೆ ಖರ್ಚಾಯಿತು. ನೀರು ತಾಗಿದರೆ ಅಳಿಸುವ ಪೆನ್ನಿನಲ್ಲಿ ಚಿತ್ರ ಬರೆದು, ಬಟ್ಟೆಯನ್ನು ತೆರೆದ ಕಿಟಕಿಯ ಪಕ್ಕ ಬಿಟ್ಟು ಮಲಗಿದೆ. ರಾತ್ರಿ ಎರಚಲು ಹೊಡೆಯಿತು. ಬೆಳಗ್ಗೆ ನೋಡಿದರೆ ಅರ್ಧ ಮಳೆಯೇ ಇಲ್ಲ.

ಮತ್ತೆ ಬರೆದೆ. ಹನಿ ಅಂದರೆ ಮೇಲೆ ಚೂಪು, ಕೆಳಗೆ ದುಂಡು, ಅಲ್ವಾ? ದಾರದ ಕುಣಿಕೆಯಿಂದ ಎಸಳು ಮೂಡಿಸುವ ಲೇಜಿ ಡೇಜಿ ಹೊಲಿಗೆಗೆ ಹೇಳಿ ಮಾಡಿಸಿದ ಆಕಾರ. ಇಪ್ಪತ್ತು ಹನಿ ಮುಗಿಸಿ ಹೆಮ್ಮೆಯಿಂದ ಕೂತಾಗ ಎಲ್ಲೋ ಓದಿದೆ: ಬೀಳುವ ಹನಿಗೆ ಚೂಪು ತಲೆಯೇ ಇಲ್ಲ! 2 ಮಿಲಿಮೀಟರ್‌ಗಿಂತ ಚಿಕ್ಕವು ಹೆಚ್ಚುಕಮ್ಮಿ ಗುಂಡಗಿರುತ್ತವೆ. ದೊಡ್ಡವು ಕೆಳಗಿನಿಂದ ಒತ್ತುವ ಗಾಳಿಗೆ ತಳ ಚಪ್ಪಟೆಯಾಗಿ ಬನ್ನಿನಂತಾಗುತ್ತವೆ. ಮೈಮೇಲೆ ಬನ್ನು ಬೇಡವೆಂದು ಚಿಕ್ಕ ಹನಿಗಳನ್ನೇ ಆರಿಸಿಕೊಂಡೆ.

ಎಲ್ಲ ಬಿಚ್ಚಿ ಫ್ರೆಂಚ್ ನಾಟ್ ಎಂಬ ಗುಂಡು ಗಂಟಿನ ಹೊಲಿಗೆ ಶುರು ಮಾಡಿದೆ. 6 ಎಳೆಯ ದಾರದಿಂದ 2 ಎಳೆ ಬಿಡಿಸಿ, ಸೂಜಿಗೆ ಎರಡು ಸುತ್ತು ಸುತ್ತಿ, ಹೊರಬಂದ ಜಾಗದ ಪಕ್ಕದಲ್ಲೇ ಇಳಿಸಬೇಕು. ಪಕ್ಕದಲ್ಲಿ, ಅದೇ ತೂತಿನಲ್ಲಲ್ಲ. ಅದೇ ತೂತಿಗೆ ಇಳಿಸಿದರೆ ಗಂಟು ಆಚೆ ಬದಿಗೆ ಜಾರಿ ಮಾಯ. ಹಾಗೆ ಎಷ್ಟು ಹನಿ ಇಂಗಿ ಹೋದವೋ! ಬಣ್ಣದ ತಕರಾರು ಬೇರೆ. ನೀಲಿ ದಾರ ತಂದಿಟ್ಟುಕೊಂಡಿದ್ದೆ, ಕಿಟಕಿಯಾಚೆ ನೋಡಿದರೆ ನೀಲಿ ಹನಿ ಒಂದೂ ಬೀಳುತ್ತಿರಲಿಲ್ಲ. ಕೊನೆಗೆ ಸುಮ್ನೆ ಬಿಳಿ ದಾರಕ್ಕೆ ಬಂದೆ.

ತೋಳಿಗೆ ಜಾಸ್ತಿ ಮುತುವರ್ಜಿ ವಹಿಸಿದ್ದೆ. ಉದ್ದಕ್ಕೂ ಬಿಡಿ ಬಿಡಿ ಗೆರೆ, ಪ್ರತಿ ಗೆರೆಯ ತುದಿಗೆ, ಮುಂಗೈ ಕಡೆಗೆ, ಒಂದು ಹನಿ. ಮೇಜಿನ ಮೇಲೆ ಹರಡಿದಾಗ ಏನು ಚೆಂದ! ತೊಟ್ಟು ಕನ್ನಡಿ ಮುಂದೆ ನಿಂತು, ಜಡೆ ಕಟ್ಟಲು ಕೈ ಎತ್ತಿದೆ. ಎದೆಯ ಮೇಲಿನ ಮಳೆ ಕೆಳಗೆ ಬೀಳುತ್ತಿದೆ, ತೋಳಿನ ಮಳೆ ಆಕಾಶಕ್ಕೆ ವಾಪಸ್ ಹೋಗುತ್ತಿದೆ. ಕೈ ಪಕ್ಕಕ್ಕೆ ಚಾಚಿದರೆ ಬಿರುಗಾಳಿ. ಮೇಜಿಗೆ ತೋಳಿಲ್ಲವೆಂದು ಮೊದಲೇ ಹೊಳೆಯಬೇಕಿತ್ತು.

ಹೊಲಿಗೆ ಬಿಚ್ಚಲು ಮನಸ್ಸಾಗಲಿಲ್ಲ. ಅಷ್ಟರಲ್ಲಿ ಮಳೆಗಾಲವೂ ಮುಗಿದು ಹೊರಗೆ ಚುರುಕು ಬಿಸಿಲು. ಕೈ ಕೆಳಗೆ ಬಿಟ್ಟುಕೊಂಡು, ಗಂಭೀರವಾಗಿ ಅಕ್ಕನ ಮುಂದೆ ಹೋಗಿ ನಿಂತೆ.

"ಮೈಮೇಲೆಲ್ಲ ಸುಣ್ಣ ಸಿಡಿಸಿಕೊಂಡಿದ್ದೀಯಲ್ಲೇ, ಬೇರೆ ಬಟ್ಟೆ ಹಾಕ್ಕೊಂಡು ಬಾ" ಅಂದಳು.