ಅಪ್ಪಯ್ಯನ ಬಿಳಿ ಅಂಗಿ

ಕಳೆದ ತಿಂಗಳು ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ನಡೆದ ಒಂದು ಪೂಜೆಯ ದಿನ ನನ್ನ ತಮ್ಮ ನಮ್ಮ ಅಪ್ಪಯ್ಯನ ಹಳೆಯ ಭಾವಚಿತ್ರವನ್ನು ತಂದಿದ್ದ. 1964ರಲ್ಲಿ ದಾದರಿನ ಸ್ಟುಡಿಯೊ ಒಂದರಲ್ಲಿ ತೆಗೆಸಿದ್ದು. ಗರಿಗರಿ ಬಿಳಿ ಅಂಗಿ, ಬಿಳಿ ಪ್ಯಾಂಟು, ನುಣ್ಣಗೆ ಹೆರೆದ ಗಲ್ಲ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು. ನೋಡಿದವರೆಲ್ಲ, ಆಗಿನವರ ಶಿಸ್ತೇ ಶಿಸ್ತು, ಈಗಿನ ಹುಡುಗರು ದುಡ್ಡು ಕೊಟ್ಟು ಹರಿದ ಜೀನ್ಸ್ ತಂದು ಹಾಕಿಕೊಳ್ಳುತ್ತಾರೆ ಎಂದು ನಿಟ್ಟುಸಿರು ಬಿಟ್ಟರು. ಪರೇಲಿನ ಚಾಳಿನಲ್ಲಿ, ಎಂದರೆ ಸಂಸಾರಕ್ಕೊಂದು ಕೋಣೆಯ ಸಾಲುಮನೆಯಲ್ಲಿ, ಅಪ್ಪಯ್ಯನ ಕೋಣೆಯಲ್ಲಿಯೇ ಹುಟ್ಟಿ ಬೆಳೆದ ನನಗೆ ಆ ಮಾತನ್ನು ಪೂರ್ತಿಯಾಗಿ ಅಲ್ಲಗಳೆಯಲೂ ಆಗಲಿಲ್ಲ, ಒಪ್ಪಿಕೊಳ್ಳಲೂ ಆಗಲಿಲ್ಲ. ಆ ಅಂಗಿ ಹೇಗೆ ಬಿಳಿಯಾಗಿತ್ತು ಎಂಬುದನ್ನು ನಾನು ಬಲ್ಲೆ.

ಮೊದಲು ನೀರಿನ ಲೆಕ್ಕ ಹೇಳಬೇಕು. ಮುಂಬಯಿಗೆ ವಿಹಾರ್ ಕೆರೆಯ ನೀರು 1860ರಲ್ಲಿಯೂ ತಾನ್ಸಾ ಜಲಾಶಯದ ನೀರು 1892ರಲ್ಲಿಯೂ ಬಂದವು. 1896ರಲ್ಲಿ ಪ್ಲೇಗ್ ಬಂದು ಊರೇ ಖಾಲಿಯಾಗತೊಡಗಿದ ಮೇಲೆ, ಗಾಳಿ ಬೆಳಕಿಲ್ಲದ ವಸತಿಗಳನ್ನು ಕೆಡವಿ ಕಟ್ಟಲೆಂದು 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. 1920ರ ದಶಕದಲ್ಲಿ ವರಳಿ, ನಾಯಗಾಂವ್‌ಗಳಲ್ಲಿ ಬಿ.ಡಿ.ಡಿ. (ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್) ಚಾಳುಗಳು ಎದ್ದವು. ಅಲ್ಲಿಯೂ ಒಂದು ಸಂಸಾರಕ್ಕೆ ದೊರೆತದ್ದು ಸುಮಾರು 160 ಚದರಡಿಯ ಒಂದು ಕೋಣೆ, ಶೌಚಾಲಯ ಮಾತ್ರ ಮಾಳಿಗೆಯವರಿಗೆಲ್ಲ ಸೇರಿ. ಇಷ್ಟೆಲ್ಲ ಆದ ಮೇಲೂ ನಮ್ಮ ಚಾಳಿನ ನಲ್ಲಿಯಲ್ಲಿ ನೀರು ಬರುತ್ತಿದ್ದದ್ದು ಬೆಳಗಿನ ಜಾವ ನಾಲ್ಕರಿಂದ ಆರರವರೆಗೆ. ಆ ಎರಡು ಗಂಟೆಗಳಲ್ಲಿ ಹಿಡಿದಿಟ್ಟ ನೀರಿನಲ್ಲಿಯೇ ಐದು ಜನರ ಅಡುಗೆ, ಸ್ನಾನ, ಪಾತ್ರೆ, ಬಟ್ಟೆ ಎಲ್ಲವೂ ಮುಗಿಯಬೇಕಾಗಿತ್ತು.

ಕೋಣೆಯ ಮೂಲೆಯಲ್ಲಿ ಮೊಣಕಾಲೆತ್ತರದ ಕಟ್ಟೆಯಿಂದ ಬೇರ್ಪಡಿಸಿದ ಒಂದು ತುಂಡು ಜಾಗವಿತ್ತು. ಮರಾಠಿಯವರಿಂದ ಕಲಿತು ನಾವೂ ಅದನ್ನು ಮೋರಿ ಎಂದೇ ಕರೆಯುತ್ತಿದ್ದೆವು. ಕುಂದಾಪುರದ ಕಡೆಯಿಂದ ಬಂದ ನೆಂಟರಿಗೆ ಮೋರಿಯೆಂದರೆ ಚರಂಡಿ. ‘ಮೋರಿಯಲ್ಲಿ ಸ್ನಾನ ಮಾಡಿ ಬನ್ನಿ’ ಎಂದಾಗ ಅವರ ಮುಖ ನೋಡಬೇಕಿತ್ತು! ಒಬ್ಬರಿಗೆ ಒಂದು ಬಕೆಟ್, ಮಳೆ ತಡವಾದ ವರ್ಷ ಅರ್ಧ. ಅಪ್ಪಯ್ಯ ಅಷ್ಟರಲ್ಲಿಯೇ ಮೈ ತೊಳೆದು, ಕೊನೆಯ ತಂಬಿಗೆ ನೀರನ್ನು ಬನಿಯನ್ ಹಿಂಡಲು ಉಳಿಸಿಕೊಳ್ಳುತ್ತಿದ್ದರು. ಇಂದು ಷವರಿನ ಕೆಳಗೆ ಕಾಲು ಗಂಟೆ ನಿಲ್ಲುವ ನನಗಿಂತ ಅವರು ಕಡಿಮೆ ಶುಚಿಯಾಗಿದ್ದರು ಎಂದು ನಾನು ಹೇಳಲಾರೆ.

ಅವರಿಗೆ ಆ ಅಭ್ಯಾಸ ಬಂದದ್ದು ಹೋಟೆಲಿನಿಂದ. ಹದಿನಾಲ್ಕನೆಯ ವಯಸ್ಸಿನಲ್ಲಿ ಊರು ಬಿಟ್ಟು ಬಂದು ಫೋರ್ಟಿನ ಹೋಟೆಲೊಂದರಲ್ಲಿ ಕಪ್ಪು ಬಸಿ ತೊಳೆಯಲು ನಿಂತ ಹುಡುಗ, ರಾತ್ರಿ ಬಾಗಿಲು ಹಾಕಿದ ಮೇಲೆ ಮೇಜುಗಳನ್ನು ಜೋಡಿಸಿ ಅವುಗಳ ಮೇಲೆಯೇ ಮಲಗುತ್ತಿದ್ದ. ಇದ್ದದ್ದು ಎರಡು ಜೊತೆ ಬಟ್ಟೆ. ಸದಾ ನೀರಿನಲ್ಲಿ ನಿಂತು ಕಾಲ್ಬೆರಳ ಸಂದುಗಳಲ್ಲಿ ಆದ ಕೆಸರುಹುಣ್ಣಿನ ಗುರುತು ಕೊನೆಯವರೆಗೂ ಹೋಗಿರಲಿಲ್ಲ. ನಮ್ಮವರು ಹಲವರು ಓದಿದಂತೆ ಅವರೂ ಕನ್ನಡದ ರಾತ್ರಿ ಶಾಲೆಯಲ್ಲಿ ಓದಿ ಗುಮಾಸ್ತರಾದರು. ಕಚೇರಿಯ ಬಾಗಿಲಲ್ಲಿ ಮೊದಲು ಕಣ್ಣಿಗೆ ಬೀಳುವುದು ಸರ್ಟಿಫಿಕೇಟಲ್ಲ, ಕಾಲರ್ ಎಂಬುದು ಅವರಿಗೆ ಬಹಳ ಬೇಗ ಅರ್ಥವಾಗಿತ್ತು. ಬಿಳಿ ಅಂಗಿ ಅವರ ಪಾಲಿಗೆ ಅಭಿರುಚಿಯಾಗಿರಲಿಲ್ಲ. ತಾನು ಮತ್ತೆ ಕಪ್ಪು ಬಸಿ ತೊಳೆಯಲು ಹೋಗಬೇಕಾದವನಲ್ಲ ಎಂಬುದಕ್ಕೆ ಮೈಮೇಲೆ ಹೊತ್ತ ಪುರಾವೆಯಾಗಿತ್ತು.

ಆದರೆ ಆ ಪುರಾವೆಯನ್ನು ಪ್ರತಿದಿನ ಸಿದ್ಧಪಡಿಸುತ್ತಿದ್ದವರು ಅಮ್ಮ. ಮಹಾಲಕ್ಷ್ಮಿಯ ಧೋಬಿಘಾಟ್ 1890ರಿಂದ ಇದೆಯಾದರೂ ನಮ್ಮಂಥವರ ಮನೆಯಿಂದ ಧೋಬಿಗೆ ಹೋಗುತ್ತಿದ್ದದ್ದು ಮದುವೆಯ ಕೋಟು ಮಾತ್ರ. ಉಳಿದದ್ದೆಲ್ಲ ಮೋರಿಯ ಕಲ್ಲಿನ ಮೇಲೆ. 501 ಬಾರ್ ಸಾಬೂನನ್ನು ದಾರದಿಂದ ತುಂಡರಿಸಿ, ಬೇಗ ಸವೆಯದಿರಲೆಂದು ಕೆಲವು ದಿನ ಗಾಳಿಗೆ ಒಣಗಿಸಿ, ಆ ತುಂಡನ್ನು ಕಾಲರಿಗೂ ತೋಳಿನ ಪಟ್ಟಿಗೂ ಮಾತ್ರ ಉಜ್ಜುತ್ತಿದ್ದರು. ‘ಅಂಗಿ ಮಾಸ್ರೂ ಅಡ್ಡಿಲ್ಲೆ, ಕಾಲರ್ ಮಾಸೂಕಾಗ’ ಎಂಬುದು ಅವರ ಕಾನೂನು. ಗಂಜಿಗೆ ನಾವು ಉಣ್ಣುವ ಕುಚ್ಚಲಕ್ಕಿಯ ತೆಳಿ ಆಗುತ್ತಿರಲಿಲ್ಲ, ಅದು ಬಿಳಿ ಬಟ್ಟೆಗೆ ಕೆಂಪು ಛಾಯೆ ಹಿಡಿಸುತ್ತದೆ. ಅದಕ್ಕಾಗಿಯೇ ಶನಿವಾರ ರೇಷನ್ನಿನ ಬೆಳ್ತಿಗೆ ಅಕ್ಕಿ ಬೇಯುತ್ತಿತ್ತು; ವಾರಕ್ಕೊಮ್ಮೆ ನಮಗೆ ಬೆಳ್ತಿಗೆ ಅನ್ನ ಸಿಗುತ್ತಿದ್ದದ್ದು ಅಂಗಿಯ ದೆಸೆಯಿಂದ. ನೀಲಿಯ ಪುಡಿಯನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ ನೀರಿನಲ್ಲಿ ಅದ್ದಬೇಕು, ಗಂಟು ಸಡಿಲವಾದರೆ ಬಟ್ಟೆಯ ಮೇಲೆ ಮಚ್ಚೆ ಬೀಳುತ್ತದೆ. ಮಳೆಗಾಲದಲ್ಲಿ ಗಂಜಿ ಹಾಕಿದ ಬಟ್ಟೆಗೆ ಬೂಸ್ಟು ಹಿಡಿಯುತ್ತಿತ್ತು, ಜಿರಲೆ ಮೂತಿ ಇಡುತ್ತಿತ್ತು. ಇಸ್ತ್ರಿಪೆಟ್ಟಿಗೆ ಕೊಳ್ಳುವವರೆಗೆ ಹಿತ್ತಾಳೆಯ ತಂಬಿಗೆಯಲ್ಲಿ ಕೆಂಡ ತುಂಬಿ, ಅದರ ತಳದಿಂದ ಅಂಗಿಯನ್ನು ತೀಡುತ್ತಿದ್ದರು. ಪ್ಯಾಂಟು ರಾತ್ರಿಯೆಲ್ಲ ಹಾಸಿಗೆಯ ಅಡಿಯಲ್ಲಿ ನಮ್ಮ ಭಾರದಿಂದಲೇ ಗೆರೆ ಹಿಡಿಯುತ್ತಿತ್ತು. ಕಾಲರ್ ಸವೆದು ಎಳೆ ಬಿಟ್ಟಾಗ ಕೆಳಗಿನ ದರ್ಜಿ ಅದನ್ನು ಬಿಚ್ಚಿ, ಒಳಮೈ ಹೊರಗೆ ತಿರುಗಿಸಿ ಹೊಲಿದು ಕೊಡುತ್ತಿದ್ದ. ಅಂಗಿಗೆ ಇನ್ನೊಂದು ವರ್ಷ ಆಯುಷ್ಯ.

ಇದೇ ಹೊತ್ತಿನಲ್ಲಿ ಅಮ್ಮನ ಸ್ವಂತ ಶುಚಿತ್ವದ ಗತಿ ಏನಾಗಿತ್ತು ಎಂದು ಭಾವಚಿತ್ರ ನೋಡಿ ಮೆಚ್ಚಿದವರು ಯಾರೂ ಕೇಳಲಿಲ್ಲ. ಗಂಡಸರೆಲ್ಲ ಹೊರಬಿದ್ದ ಮೇಲೆ, ಬಾಗಿಲು ಮುಚ್ಚಿ, ಉಳಿದ ನೀರಿನಲ್ಲಿ ಅವರ ಸ್ನಾನ. ಮುಟ್ಟಿನ ಬಟ್ಟೆಯನ್ನು ಬಿಸಿಲಿಗೆ ಹಾಕುವಂತಿರಲಿಲ್ಲ; ಇನ್ನೊಂದು ಸೀರೆಯ ಅಡಿಯಲ್ಲಿ ಅಡಗಿಸಿ, ಅರೆಬರೆ ಒಣಗಿದ್ದನ್ನೇ ಮತ್ತೆ ಬಳಸಬೇಕಾಗಿತ್ತು. ಗಂಡಸಿನ ಅಂಗಿ ಗ್ಯಾಲರಿಯ ತಂತಿಯ ಮೇಲೆ ಎಲ್ಲರ ಕಣ್ಣೆದುರು ಒಣಗುತ್ತಿತ್ತು, ಆರೋಗ್ಯಕ್ಕೆ ನಿಜವಾಗಿ ಬಿಸಿಲು ಬೇಕಾಗಿದ್ದ ಬಟ್ಟೆ ಕತ್ತಲಲ್ಲಿ ಕೊಳೆಯುತ್ತಿತ್ತು.

ಮಡಿಯ ಮಾತನ್ನೂ ಸೇರಿಸದೆ ಇರಲಾರೆ, ಏಕೆಂದರೆ ನಮ್ಮ ಹಿರಿಯರ ಸ್ವಚ್ಛತೆಯನ್ನು ಹೊಗಳುವವರು ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತಾರೆ. ಊರಿನಿಂದ ಬಂದು ಕೆಲವು ತಿಂಗಳು ಇರುತ್ತಿದ್ದ ಅಜ್ಜಿಯ ಪಟ್ಟೆಮಡಿ ವರ್ಷಗಟ್ಟಲೆ ಸಾಬೂನು ಕಂಡದ್ದಲ್ಲ, ಆದರೆ ಅದು ರೇಷ್ಮೆಯಾದ್ದರಿಂದ ಸದಾ ಶುದ್ಧ. ಅಮ್ಮ ಆಗ ತಾನೆ ಒಗೆದು ಒಣಗಿಸಿದ ಹತ್ತಿಯ ಸೀರೆ ಪಕ್ಕದ ಕೋಣೆಯ ಮಗುವಿನ ಕೈ ತಾಗಿದರೆ ಮೈಲಿಗೆ. ಇದನ್ನು ನಂಬಿಕೆಯೆಂದು ಗೌರವಿಸಬಹುದು, ಆರೋಗ್ಯಶಾಸ್ತ್ರವೆಂದು ಕರೆಯಲಾಗದು. ಚಾಳಿನ ಶೌಚಾಲಯಗಳನ್ನು ತೊಳೆಯಲು ಬರುತ್ತಿದ್ದವರು ಹಿಂಬದಿಯಿಂದಲೇ ಬಂದು ಹಿಂಬದಿಯಿಂದಲೇ ಹೋಗುತ್ತಿದ್ದರು. ಮುಂಬಯಿಯ ಎಷ್ಟೋ ಹಳೆಯ ಕಟ್ಟಡಗಳಿಗೆ ಅವರಿಗೆಂದೇ ಜೋಡಿಸಿದ ಕಬ್ಬಿಣದ ಸುತ್ತುಮೆಟ್ಟಿಲು ಇಂದಿಗೂ ಕಾಣಸಿಗುತ್ತದೆ. ಅವರು ಎರಡು ದಿನ ಬರದಿದ್ದರೆ ನಮ್ಮೆಲ್ಲರ ಮಡಿಯ ಬಣ್ಣ ಬಯಲಾಗುತ್ತಿತ್ತು.

ಇನ್ನು, ಆ ಕಾಲದಲ್ಲಿ ತಿಗಣೆಯಿಲ್ಲದ ಮನೆ ನಾನು ಕಂಡಿಲ್ಲ. ಭಾನುವಾರ ಮಂಚಗಳನ್ನು ಅಂಗಳಕ್ಕೆ ಇಳಿಸಿ ಸಂದುಗಳಿಗೆ ಕುದಿಯುವ ನೀರು ಹೊಯ್ಯುವುದು ಚಾಳಿನ ಒಂದು ಹಬ್ಬದಂತಿತ್ತು. ಹೇನು, ಕಜ್ಜಿ ನಮ್ಮ ಶಾಲೆಯ ಪ್ರತಿ ಬೆಂಚಿನಲ್ಲಿಯೂ ಇದ್ದವು. ಸ್ಟುಡಿಯೊದ ಕ್ಯಾಮೆರಾಕ್ಕೆ ಇವು ಕಾಣುವುದಿಲ್ಲ.

1970ರ ದಶಕದಲ್ಲಿ ಹತ್ತಿಗೆ ಪಾಲಿಯೆಸ್ಟರ್ ಬೆರೆಸಿದ ಟೆರಿಕಾಟ್ ಬಟ್ಟೆ ಮನೆಮನೆಗೆ ಬಂದಾಗ ಅಮ್ಮನಿಗಾದ ಸಂತೋಷ ನನಗೆ ಚೆನ್ನಾಗಿ ನೆನಪಿದೆ. ಗಂಜಿ ಬೇಡ, ನೀಲಿ ಬೇಡ, ಇಸ್ತ್ರಿಯೂ ಬಹುಮಟ್ಟಿಗೆ ಬೇಡ, ಒಂದೇ ರಾತ್ರಿಯಲ್ಲಿ ಒಣಗುತ್ತದೆ. ಮುಂಬಯಿಯ ಸೆಕೆಗೆ ಅದರಷ್ಟು ಕೆಟ್ಟ ಬಟ್ಟೆ ಇನ್ನೊಂದಿಲ್ಲ, ಬೆವರನ್ನು ಹೀರದೆ ವಾಸನೆಯನ್ನು ಮಾತ್ರ ಹಿಡಿದಿಟ್ಟುಕೊಳ್ಳುತ್ತದೆ ಎಂಬುದು ಲೋಕಲ್ ರೈಲಿನಲ್ಲಿ ಎಲ್ಲರಿಗೂ ಗೊತ್ತಾಯಿತು. ಅಪ್ಪಯ್ಯ ಬಹಳ ದಿನ ಗೊಣಗಿದರು. ಅಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ಉಡುಪಿನ ಗುಣಮಟ್ಟ ಅಂದು ಕುಸಿಯಿತು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುತ್ತೇನೆ; ಹಾಗೆ ಕುಸಿದದ್ದರಿಂದ ಅಮ್ಮನಿಗೆ ದಿನಕ್ಕೆ ಒಂದೂವರೆ ಗಂಟೆ ಉಳಿಯಿತು ಎಂಬುದನ್ನೂ ಅವರು ಒಪ್ಪಬೇಕು.

ಆ ಭಾವಚಿತ್ರದಲ್ಲಿ ಅಂಗಿಯ ಜೇಬಿನ ಕೆಳಗೆ ಹೆಬ್ಬೆರಳಿನಷ್ಟು ಅಗಲದ ಒಂದು ಮಸುಕು ಕಲೆಯಿದೆ. ಫೋಟೊ ಹಳತಾಗಿ ಹಾಗಾಗಿದೆ ಎಂದು ತಮ್ಮ ಭಾವಿಸಿದ್ದಾನೆ, ಕಂಪ್ಯೂಟರಿನಲ್ಲಿ ಅಳಿಸಿ ದೊಡ್ಡದು ಮಾಡಿಸಿ ಗೋಡೆಗೆ ಹಾಕಬೇಕೆಂದಿದ್ದಾನೆ. ಅದು ನೀಲಿಯ ಗಂಟು ಸಡಿಲವಾದ ದಿನದ ಮಚ್ಚೆ, ಇದ್ದ ಹಾಗೆಯೇ ಇರಲಿ ಎಂದು ನಾನು ಎರಡು ಸಲ ಹೇಳಿದ್ದೇನೆ. ಅವನು ಇನ್ನೂ ಒಪ್ಪಿಲ್ಲ.