ಕಾಮಿಕ್ ಕಾನ್‌ನ ಜೀವ ಇರುವುದು ಕಲಾವಿದರ ಮೇಜಿನ ಬಳಿ

ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ನಡೆಯುವ ಕಾಮಿಕ್ಸ್ ಮೇಳವಾದ ಕಾಮಿಕ್ ಕಾನ್ ಎಂದ ಕೂಡಲೇ ನಮ್ಮಲ್ಲಿ ಬಹಳ ಮಂದಿಗೆ ನೆನಪಾಗುವುದು ಸಿನಿಮಾ ತಾರೆಯರು, ಹೊಸ ಟ್ರೇಲರ್‌ಗಳು ಮತ್ತು ‘ಹಾಲ್ ಎಚ್’ ಎಂಬ ಸಭಾಂಗಣದ ಹೊರಗೆ ರಾತ್ರಿಯಿಡೀ ಚಾಪೆ ಹಾಸಿಕೊಂಡು ಕಾಯುವ ಜನರ ಸಾಲು. ಸುಮಾರು 6,500 ಮಂದಿ ಹಿಡಿಸುವ ಆ ಸಭಾಂಗಣದ ಸುದ್ದಿಯೇ ಪ್ರತಿ ವರ್ಷ ಜುಲೈ ತಿಂಗಳಿನಲ್ಲಿ ಪತ್ರಿಕೆಗಳನ್ನು ತುಂಬುತ್ತದೆ. ಅದೇ ಕಟ್ಟಡದ ಕೆಳಗಿನ ದೊಡ್ಡ ಅಂಗಳದಲ್ಲಿ ಡ್ರ್ಯಾಗನ್‌ಗಳನ್ನು, ಖಡ್ಗ ಹಿಡಿದ ರಾಣಿಯರನ್ನು, ಮೋಡದ ಮೇಲಿನ ಕೋಟೆಗಳನ್ನು ಬರೆಯುವ ಚಿತ್ರಕಾರರು ತಂತಮ್ಮ ಮೇಜುಗಳ ಹಿಂದೆ ನಾಲ್ಕು ದಿನ ಕುಳಿತಿರುತ್ತಾರೆ. ಅವರ ಬಗ್ಗೆ ಬರೆಯುವವರು ಕಡಿಮೆ. ನನ್ನ ಅಭಿಪ್ರಾಯದಲ್ಲಿ ಆ ಮೇಜು, ಅದರ ಆಚೆ ಕುಳಿತ ಕಲಾವಿದ, ಈಚೆ ನಿಂತ ಅಭಿಮಾನಿ, ಇವರಿಬ್ಬರ ನಡುವೆ ನಡೆಯುವ ಮಾತು ಮತ್ತು ವ್ಯಾಪಾರವೇ ಈ ಮೇಳದ ಜೀವ. ಉಳಿದ ಎಲ್ಲವನ್ನೂ ಬೇರೆ ಕಡೆ, ಬೇರೆ ಬಗೆಯಲ್ಲಿ ನಡೆಸಬಹುದು. ಇದನ್ನು ಮಾತ್ರ ನಡೆಸಲಾಗದು.

ಈ ಮೇಳ ಹುಟ್ಟಿದ್ದೂ ಇಂಥದೇ ಒಂದು ಭೇಟಿಯ ಆಸೆಯಿಂದ. ಸಂಸ್ಥಾಪಕರಲ್ಲಿ ಒಬ್ಬರಾದ ಶೆಲ್ ಡಾರ್ಫ್ ಅವರು ತಮ್ಮ ಸುತ್ತ ಸೇರಿದ್ದ ಹದಿಹರೆಯದ ಓದುಗರಲ್ಲಿ ಕೆಲವರನ್ನು, ಮೇಳ ಶುರುವಾಗುವ ಮೊದಲೇ, ಚಿತ್ರಕಾರ ಜ್ಯಾಕ್ ಕರ್ಬಿ ಅವರ ಮನೆಗೆ ಕರೆದೊಯ್ದಿದ್ದರು. 1970ರ ಆಗಸ್ಟ್‌ನಲ್ಲಿ ಯು.ಎಸ್. ಗ್ರಾಂಟ್ ಹೋಟೆಲಿನಲ್ಲಿ ಮೂರು ದಿನಗಳ ಮೊದಲ ಮೇಳ ನಡೆದಾಗ ಅದೇ ಕರ್ಬಿ ಅತಿಥಿಯಾಗಿ ಬಂದರು, ಲೇಖಕ ರೇ ಬ್ರಾಡ್‌ಬರಿ ಬಂದರು, ನೋಡಲು ಸುಮಾರು 300 ಮಂದಿ ಸೇರಿದರು. 1991ರಿಂದ ಮೇಳ ಕಡಲಂಚಿನ ಕನ್ವೆನ್ಷನ್ ಸೆಂಟರಿನಲ್ಲಿ ನಡೆಯುತ್ತಿದೆ. ಈಗ 1,30,000ಕ್ಕೂ ಹೆಚ್ಚು ಮಂದಿ ಬರುತ್ತಾರೆ, ಪ್ರವೇಶದ ಬ್ಯಾಡ್ಜ್ ಬಾಗಿಲಲ್ಲಿ ಸಿಗುವುದೇ ಇಲ್ಲ, ಆನ್‌ಲೈನ್ ಮಾರಾಟ ತೆರೆದ ಸ್ವಲ್ಪ ಹೊತ್ತಿನಲ್ಲೇ ಎಲ್ಲವೂ ಮುಗಿದುಹೋಗುತ್ತದೆ.

ಗಾತ್ರ ಬೆಳೆದ ಹಾಗೆ ಮೇಳದ ಒಡೆತನ ಸಿನಿಮಾದವರ ಕೈಗೆ ಹೋಯಿತು ಎಂಬ ದೂರು ಹಳೆಯದು. ಅದು ಪೂರ್ತಿ ನಿಜವಲ್ಲ ಎಂಬುದಕ್ಕೆ ಎರಡು ಸಂದರ್ಭಗಳು ಸಾಕ್ಷಿಯಾಗಿವೆ. ಕೋವಿಡ್‌ನಿಂದಾಗಿ 2020ರಲ್ಲಿ ಮೇಳ ರದ್ದಾಗಿ ಎಲ್ಲವೂ ಪರದೆಯ ಮೇಲೆ ನಡೆಯಿತು. ಟ್ರೇಲರ್‌ಗಳು ಬಂದವು, ಚರ್ಚೆಗಳು ಬಂದವು, ನಟರು ತಮ್ಮ ಮನೆಯ ಸೋಫಾದಲ್ಲಿ ಕುಳಿತು ಮಾತನಾಡಿದರು. ನೋಡುವವರಿಗೆ ಅಂಥ ನಷ್ಟವೇನೂ ಆಗಲಿಲ್ಲ. ನಷ್ಟವಾದದ್ದು ಮೇಜಿನವರಿಗೆ. ಮೂಲ ಚಿತ್ರದ ಬಣ್ಣದ ದಪ್ಪವನ್ನು ಹತ್ತಿರದಿಂದ ನೋಡಿ, ಹಿಂದೆ ಮುಂದೆ ಯೋಚಿಸಿ, ಮತ್ತೊಂದು ಸುತ್ತು ಹಾಕಿ ಬಂದು ಕೊಳ್ಳುವ ಗ್ರಾಹಕ ಪರದೆಯ ಮೇಲೆ ಸಿಗುವುದಿಲ್ಲ. ಎರಡನೆಯದು 2023ರ ಜುಲೈ. ಹಾಲಿವುಡ್‌ನ ಬರಹಗಾರರ ಮುಷ್ಕರದ ಜೊತೆಗೆ ನಟರ ಮುಷ್ಕರವೂ ಮೇಳಕ್ಕೆ ಒಂದು ವಾರ ಮುಂಚೆ ಆರಂಭವಾಯಿತು. ದೊಡ್ಡ ಸ್ಟುಡಿಯೋಗಳಲ್ಲಿ ಹಲವು ಹಿಂದೆ ಸರಿದವು, ತಾರೆಯರು ಬರಲಿಲ್ಲ. ಆದರೂ ಜನ ಬಂದರು, ಅಂಗಳ ತುಂಬಿತು, ತಾರೆಯರಿಗಾಗಿ ಕಾಯುವುದರಲ್ಲಿ ಕಳೆಯುತ್ತಿದ್ದ ಹೊತ್ತನ್ನು ಚಿತ್ರಗಳ ಮುಂದೆ ಕಳೆದರು. ತಾರೆಯರಿಲ್ಲದೆ ಮೇಳ ನಡೆಯಬಲ್ಲದು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಯಾರೂ ತೋರಿಸಲಾರರು.

ಮೇಜಿನ ಬಳಿ ಏನು ನಡೆಯುತ್ತದೆ ಎಂಬುದನ್ನು ನೋಡದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಕಾಮಿಕ್ಸ್ ಪ್ರಕಾಶಕರು ಕೆಲವು ಸಂಚಿಕೆಗಳನ್ನು ಹೆಸರು ಮಾತ್ರ ಅಚ್ಚಾದ, ಉಳಿದಂತೆ ಖಾಲಿಯಾದ ಬಿಳಿ ಮುಖಪುಟದೊಡನೆ ಹೊರತರುತ್ತಾರೆ. ಅಭಿಮಾನಿಗಳು ಅದನ್ನು ಕೊಂಡು ತಂದು ತಮಗೆ ಇಷ್ಟವಾದ ಕಲಾವಿದರಿಂದ ಅದರ ಮೇಲೆ ಚಿತ್ರ ಬರೆಸಿಕೊಳ್ಳುತ್ತಾರೆ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಕಲಾವಿದರು ತಮ್ಮ ಕಮಿಷನ್ ಪಟ್ಟಿ, ಅಂದರೆ ಕೇಳಿದವರಿಗೆ ಹಣ ಪಡೆದು ಚಿತ್ರ ಬರೆದುಕೊಡುವ ಪಟ್ಟಿ, ತೆರೆಯುತ್ತಾರೆ, ಹೆಸರಾದವರ ಪಟ್ಟಿ ಮಧ್ಯಾಹ್ನಕ್ಕೆ ಮೊದಲೇ ತುಂಬುತ್ತದೆ. ತಲೆ ಪೂರ್ತಿ ನರೆತ ಒಬ್ಬ ಚಿತ್ರಕಾರರು ಅಂಥ ಒಂದು ಬಿಳಿ ಮುಖಪುಟದ ಮೇಲೆ ಡ್ರ್ಯಾಗನ್ ಬರೆಯುತ್ತಿದ್ದಾಗ ನಾನು ಪಕ್ಕದಲ್ಲಿ ನಿಂತು ನೋಡಿದ್ದೇನೆ. ತಿಳಿ ನೀಲಿ ಪೆನ್ಸಿಲಿನಲ್ಲಿ ಮೊದಲು ಬೆನ್ನೆಲುಬಿನ ಒಂದೇ ಬಾಗು, ಆಮೇಲೆ ಭುಜ, ಅಲ್ಲಿಂದ ಹೊರಟ ರೆಕ್ಕೆಯ ಮೂಳೆಗಳು, ಕೊನೆಗೆ ಬ್ರಷ್ ಪೆನ್ನಿನ ಕಪ್ಪು ಗೆರೆ. ಹತ್ತು ವರ್ಷದ ಆಸುಪಾಸಿನ ಹುಡುಗಿಯೊಬ್ಬಳು ತನ್ನ ನೋಟುಪುಸ್ತಕ ತೆರೆದು, ತಾನು ಬರೆದ ಡ್ರ್ಯಾಗನ್‌ನ ರೆಕ್ಕೆ ಯಾಕೆ ಛತ್ರಿಯ ಹಾಗೆ ಕಾಣುತ್ತದೆ ಎಂದು ಕೇಳಿದಳು. ಅವರು ಪೆನ್ನನ್ನು ಕೆಳಗಿಟ್ಟು, ತಮ್ಮ ಎಡಗೈ ಚಾಚಿ, ಬೆರಳುಗಳನ್ನು ಅಗಲಿಸಿ, ಬಾವಲಿಯ ರೆಕ್ಕೆ ಎಂದರೆ ಬೆರಳುಗಳ ನಡುವೆ ಚರ್ಮ ಹಬ್ಬಿದ ಕೈ, ಡ್ರ್ಯಾಗನ್‌ನದೂ ಹಾಗೆಯೇ ಎಂದು ಹೇಳಿ, ಮಣಿಕಟ್ಟು ಎಲ್ಲಿ, ಹೆಬ್ಬೆರಳು ಎಲ್ಲಿ ಎಂದು ಅವಳ ಪುಸ್ತಕದಲ್ಲೇ ಬೆರಳಿಟ್ಟು ತೋರಿಸಿದರು. ಸಾಲಿನಲ್ಲಿ ಹಿಂದೆ ನಿಂತ ಒಬ್ಬರೂ ಗೊಣಗಲಿಲ್ಲ. ಮುಂದೆ ಆ ಹುಡುಗಿ ಚಿತ್ರಕಾರಳಾಗುತ್ತಾಳೋ ಇಲ್ಲವೋ, ಇನ್ನು ಮೇಲೆ ರೆಕ್ಕೆ ಬರೆಯುವ ಮುಂಚೆ ತನ್ನ ಕೈಯನ್ನೊಮ್ಮೆ ನೋಡಿಕೊಳ್ಳುತ್ತಾಳೆ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ವೇಷ ತೊಟ್ಟು ಬರುವ ಅಭಿಮಾನಿಗಳನ್ನೂ ನಾನು ಈ ಸಂಬಂಧದ ಒಳಗೇ ಸೇರಿಸುತ್ತೇನೆ. ಕಾಸ್‌ಪ್ಲೇಯನ್ನು ಹುಡುಗಾಟವೆಂದು ತಳ್ಳಿಹಾಕುವವರಿಗೆ 1939ರ ಒಂದು ಸಂಗತಿ ಗೊತ್ತಿರಬೇಕು. ನ್ಯೂಯಾರ್ಕಿನಲ್ಲಿ ಆ ವರ್ಷ ನಡೆದ ಮೊದಲ ವಿಶ್ವ ವಿಜ್ಞಾನ ಕಥಾ ಸಮ್ಮೇಳನದ ಗೌರವ ಅತಿಥಿ ಫ್ರ್ಯಾಂಕ್ ಆರ್. ಪಾಲ್ ಎಂಬ ಚಿತ್ರಕಾರರು. ಅಲ್ಲಿಗೆ ಮರ್ಟಲ್ ಡಗ್ಲಸ್ ಎಂಬ ಅಭಿಮಾನಿ, ಪಾಲ್ ಅವರ ಚಿತ್ರಗಳಿಂದಲೂ ಸ್ಫೂರ್ತಿ ಪಡೆದು ಭವಿಷ್ಯ ಕಾಲದ ಉಡುಪುಗಳನ್ನು ತಾವೇ ಹೊಲಿದು, ತಾವೂ ತೊಟ್ಟು, ಗೆಳೆಯ ಫಾರೆಸ್ಟ್ ಆಕರ್‌ಮನ್ ಅವರಿಗೂ ತೊಡಿಸಿ ಬಂದರು. ಕಾಗದದ ಮೇಲಿನ ಬಟ್ಟೆಗೆ ಹಿಂಬದಿ ಇರುವುದಿಲ್ಲ, ಗುಂಡಿ ಎಲ್ಲಿ ಹಾಕಬೇಕೆಂದು ಚಿತ್ರಕಾರ ತೋರಿಸಿರುವುದಿಲ್ಲ. ಅದನ್ನೆಲ್ಲ ಊಹಿಸಿ ಹೊಲಿಯುವವರು ಚಿತ್ರವನ್ನು ಎಷ್ಟು ಗಮನವಿಟ್ಟು ನೋಡಿರಬೇಕೆಂದು ಯೋಚಿಸಿ. ತಾನು ಬರೆದ ಕವಚವನ್ನು ತೊಟ್ಟವರು ಎದುರಿಗೆ ಬಂದು ನಿಂತಾಗ ಕಲಾವಿದರು ಕುರ್ಚಿ ಬಿಟ್ಟು ಎದ್ದು ಬರುವುದನ್ನು, ಭುಜದ ಪಟ್ಟಿಯನ್ನು ಹೇಗೆ ಕೂಡಿಸಿದಿರಿ ಎಂದು ಕುತೂಹಲದಿಂದ ಕೇಳುವುದನ್ನು ಅಲ್ಲಿ ಕಾಣಬಹುದು.

ಇಷ್ಟಕ್ಕೆ ನಿಲ್ಲಿಸಿದರೆ ಇದು ಬರೀ ಪ್ರೀತಿಯ ಮಾತಾಗುತ್ತದೆ. ಮೇಜು ಎಂದರೆ ಹಕ್ಕಿನ ವಿಷಯವೂ ಹೌದು. ಅಮೆರಿಕದ ಕಾಮಿಕ್ಸ್ ಉದ್ಯಮ ದಶಕಗಳ ಕಾಲ ಚಿತ್ರಕಾರರಿಗೆ ಪುಟಕ್ಕಿಷ್ಟು ಎಂದು ಹಣ ಕೊಟ್ಟು ಮೂಲ ಹಾಳೆಗಳನ್ನು ತಾನೇ ಇಟ್ಟುಕೊಂಡಿತು. ಇಡೀ ಒಂದು ವೀರಲೋಕವನ್ನು ಕಟ್ಟಿಕೊಟ್ಟ ಕರ್ಬಿಯವರಿಗೇ ತಮ್ಮ ಹಾಳೆಗಳನ್ನು ಹಿಂದಕ್ಕೆ ಪಡೆಯಲು ವರ್ಷಗಟ್ಟಲೆ ಹೋರಾಡಬೇಕಾಯಿತು. 1987ರಲ್ಲಿ ಕೊನೆಗೂ ಕೈಗೆ ಬಂದದ್ದು ಸುಮಾರು 2,000 ಪುಟ, ಅವರು ಬರೆದಿದ್ದು ಅದರ ಎಷ್ಟೋ ಪಟ್ಟು. ಫ್ಯಾಂಟಸಿ ಚಿತ್ರಕಲೆಯ ದೊಡ್ಡ ಹೆಸರಾದ ಫ್ರ್ಯಾಂಕ್ ಫ್ರಜೆಟಾ ಬೇರೆ ದಾರಿ ಹಿಡಿದರು. 1960ರ ದಶಕದಲ್ಲಿ ಪುಸ್ತಕಗಳ ಮುಖಪುಟಗಳಿಂದ ಹೆಸರಾದ ಮೇಲೆ ಅವರು ಮೂಲ ಚಿತ್ರಗಳನ್ನು ಬಿಟ್ಟುಕೊಡಲಿಲ್ಲ. ಅವರ ಹೆಂಡತಿ ಎಲ್ಲೀ ಅವುಗಳ ಪೋಸ್ಟರ್‌ಗಳನ್ನು ತಾವೇ ಮಾರುವ ವ್ಯವಸ್ಥೆ ಮಾಡಿಕೊಂಡರು. 1969ರಲ್ಲಿ ಒಂದು ಪತ್ರಿಕೆಯ ಮುಖಪುಟಕ್ಕೆಂದು ಫ್ರಜೆಟಾ ಬರೆದ ಈಜಿಪ್ಟಿನ ರಾಣಿಯ ಚಿತ್ರ 2019ರ ಹರಾಜಿನಲ್ಲಿ 54 ಲಕ್ಷ ಡಾಲರಿಗೆ ಹೋಯಿತು. ಎಲ್ಲರಿಗೂ ಅಂಥ ಬೆಲೆ ಬರುವುದಿಲ್ಲ ಎಂಬುದು ಬೇರೆ ಮಾತು. ಆದರೆ ಇಂದು ಮೇಳದಲ್ಲಿ ಒಬ್ಬ ಸಾಮಾನ್ಯ ಚಿತ್ರಕಾರ ತನ್ನ ಮೂಲ ಹಾಳೆಯನ್ನು ಪ್ಲಾಸ್ಟಿಕ್ ಕವಚದಲ್ಲಿಟ್ಟು, ಬೆಲೆ ಬರೆದು, ತಾನೇ ಮಾರುತ್ತಿದ್ದಾನೆ ಎಂದರೆ ಅದರ ಹಿಂದೆ ಈ ಹಿರಿಯರ ಜಗಳ ಇದೆ.

ಆದ್ದರಿಂದ ಅಭಿಮಾನಿಗಳಿಗೂ ಕೆಲವು ಹೊಣೆಗಳಿವೆ ಎಂದು ನಾನು ಭಾವಿಸುತ್ತೇನೆ. ವಿಮಾನದ ಟಿಕೆಟ್ಟು, ಮೇಳದ ವಾರದಲ್ಲಿ ಮುಗಿಲು ಮುಟ್ಟುವ ಹೋಟೆಲ್ ಬಾಡಿಗೆ, ಪ್ರಿಂಟ್ ಹಾಕಿಸಿದ ಖರ್ಚು, ಎಲ್ಲ ಕಳೆದ ಮೇಲೆ ಎಷ್ಟೋ ಕಲಾವಿದರಿಗೆ ಉಳಿಯುವುದು ಅಲ್ಪ. ಅವರ ಬಳಿ ಚೌಕಾಸಿ ಮಾಡುವುದು, ಪ್ರಿಂಟಿನ ಫೋಟೋ ತೆಗೆದುಕೊಂಡು ಮನೆಯಲ್ಲಿ ಅಚ್ಚು ಹಾಕಿಕೊಳ್ಳುವುದು, ಪ್ರೀತಿಯಿಂದ ಬಿಟ್ಟಿಯಾಗಿ ಬರೆದುಕೊಟ್ಟ ಸ್ಕೆಚ್ಚನ್ನು ಅದೇ ವಾರ ಆನ್‌ಲೈನಿನಲ್ಲಿ ಮಾರಾಟಕ್ಕಿಡುವುದು, ಇವೆಲ್ಲ ಅಭಿಮಾನದ ಹೆಸರಿನಲ್ಲಿ ನಡೆಯುವ ಅನ್ಯಾಯ. ಹಣವಿಲ್ಲದಿದ್ದರೆ ನಿಂತು ನೋಡಿ, ಒಂದು ಒಳ್ಳೆಯ ಮಾತು ಹೇಳಿ, ಹೆಸರನ್ನು ನೆನಪಿಟ್ಟುಕೊಂಡು ಹೋದರೂ ಸಾಕು. ಕೊಳ್ಳುವುದಾದರೆ, ಕಂಪನಿಗಳ ಒಡೆತನದಲ್ಲಿರುವ ಪ್ರಸಿದ್ಧ ಪಾತ್ರಗಳ ಚಿತ್ರಕ್ಕಿಂತ ಆ ಕಲಾವಿದರ ಸ್ವಂತ ಕಲ್ಪನೆಯ ಚಿತ್ರವನ್ನು ಕೊಳ್ಳುವುದು ಮೇಲು. ಜನ ಕೇಳುತ್ತಾರೆಂದು ಮತ್ತೆ ಮತ್ತೆ ಅದೇ ಮುಖವಾಡದ ವೀರನನ್ನು ಬರೆದು ಬೇಸತ್ತ ಕೈಗೆ ಅದು ದೊಡ್ಡ ಬಲ.

ಯಂತ್ರ, ಅಂದರೆ ಕೃತಕ ಬುದ್ಧಿಮತ್ತೆ (ಎಐ), ತಯಾರಿಸುವ ಚಿತ್ರಗಳ ವಿಷಯಕ್ಕೆ ಬಂದರೆ ನನ್ನ ನಿಲುವು ಖಚಿತವಾಗಿದೆ: ಅವುಗಳಿಗೆ ಈ ಅಂಗಳದಲ್ಲಿ ಜಾಗ ಇರಕೂಡದು. ಡ್ರ್ಯಾಗನ್‌ಗಳ, ಯುದ್ಧಗಳ ಚಿತ್ರಕ್ಕೆ ಹೆಸರಾದ ಪೋಲೆಂಡಿನ ಗ್ರೆಗ್ ರುಟ್ಕೊವ್‌ಸ್ಕಿ ಅವರ ಹೆಸರನ್ನು 2022ರಲ್ಲಿ ಜನ ಹತ್ತಾರು ಸಾವಿರ ಸಲ ಟೈಪ್ ಮಾಡಿ, ಅವರ ಶೈಲಿಯನ್ನು ಹೋಲುವ ಚಿತ್ರಗಳನ್ನು ಯಂತ್ರದಿಂದ ಹೊರಡಿಸಿಕೊಂಡರು. ಅವರ ಹೆಸರಿನಲ್ಲಿ ಹುಡುಕಿದರೆ ಅವರು ಬರೆಯದ ಚಿತ್ರಗಳೇ ಮುಂದೆ ಬರತೊಡಗಿದವು. 2023ರ ಜನವರಿಯಲ್ಲಿ ಕಾರ್ಲಾ ಒರ್ಟಿಜ್, ಕೆಲ್ಲಿ ಮೆಕರ್ನನ್ ಮತ್ತು ಸಾರಾ ಆಂಡರ್ಸನ್ ಎಂಬ ಮೂವರು ಕಲಾವಿದರು ಇಂಥ ಯಂತ್ರಗಳನ್ನು ನಡೆಸುವ ಕಂಪನಿಗಳ ವಿರುದ್ಧ ಸ್ಯಾನ್ ಫ್ರಾನ್ಸಿಸ್ಕೋದ ಕೋರ್ಟಿನಲ್ಲಿ ದಾವೆ ಹೂಡಿದರು. 2024ರ ಆಗಸ್ಟ್‌ನಲ್ಲಿ ನ್ಯಾಯಾಧೀಶರು ಕೃತಿಸ್ವಾಮ್ಯದ ಆರೋಪಗಳು ಮುಂದುವರಿಯಬಹುದೆಂದು ಹೇಳಿದರು. ಸ್ಯಾನ್ ಡಿಯಾಗೋ ಮೇಳದ ಕಲಾ ಪ್ರದರ್ಶನದಲ್ಲಿ ಮಾರಾಟಕ್ಕಿಲ್ಲ ಎಂಬ ಷರತ್ತಿನ ಮೇಲೆ ಯಂತ್ರದ ಚಿತ್ರಗಳಿಗೆ ಅವಕಾಶವಿತ್ತು. ಕಲಾವಿದರು ಒಟ್ಟಾಗಿ ಪ್ರತಿಭಟಿಸಿದ ಮೇಲೆ 2026ರ ಜನವರಿಯಲ್ಲಿ ಅದನ್ನೂ ತೆಗೆದುಹಾಕಲಾಯಿತು. ಸರಿಯಾದ ನಿರ್ಧಾರ. ಬೆರಳು ಅಗಲಿಸಿ ರೆಕ್ಕೆಯ ಮೂಳೆ ತೋರಿಸಬಲ್ಲವರು ಮೇಜಿನ ಹಿಂದೆ ಇರಬೇಕೆಂಬ ಮೇಳದಲ್ಲಿ ಬೇರೆ ನಿರ್ಧಾರಕ್ಕೆ ದಾರಿಯೇ ಇರಲಿಲ್ಲ.

ಈಗ ನಮ್ಮ ಕಡೆಯ ಮಾತು. ವಿಕ್ರಮ ಬೆನ್ನ ಮೇಲೆ ಬೇತಾಳನನ್ನು ಹೊತ್ತು, ಕೈಯಲ್ಲಿ ಕತ್ತಿ ಹಿಡಿದು ಸ್ಮಶಾನದಲ್ಲಿ ನಡೆಯುವ ‘ಚಂದಮಾಮ’ದ ಚಿತ್ರವನ್ನು ನೋಡದೆ ಬೆಳೆದ ಕನ್ನಡಿಗರು ನನ್ನ ತಲೆಮಾರಿನಲ್ಲಿ ಕಡಿಮೆ. ಅದನ್ನು ಬರೆದ ‘ಶಂಕರ್’, ಅಂದರೆ ಕೆ.ಸಿ. ಶಿವಶಂಕರನ್, 2020ರಲ್ಲಿ ತೀರಿಕೊಂಡಾಗ ಅವರು ಅಷ್ಟು ಕಾಲ ನಮ್ಮ ನಡುವೆ ಇದ್ದರೆಂಬುದೇ ಹಲವರಿಗೆ ಗೊತ್ತಿರಲಿಲ್ಲ. ಅದೇ ಪತ್ರಿಕೆಯ ಮುಖಪುಟಗಳಿಗೆ ಮಹಾಭಾರತದ ಚಿತ್ರಗಳನ್ನು ಬರೆದ ನಮ್ಮ ಎಂ.ಟಿ.ವಿ. ಆಚಾರ್ಯರು ಮುಂದೆ ಬೆಂಗಳೂರಿನಲ್ಲಿ ನೆಲೆಸಿ ಅಂಚೆಯ ಮೂಲಕ ಚಿತ್ರಕಲೆ ಕಲಿಸಿದರು. ಅವರ ಮೇಜಿನ ಮುಂದೆ ಸಾಲು ನಿಲ್ಲುವ ಭಾಗ್ಯ ಓದುಗರಿಗೆ ಸಿಗಲಿಲ್ಲ. ಕಾರ್ಕಳದಲ್ಲಿ ಹುಟ್ಟಿದ, ‘ಅಮರ ಚಿತ್ರ ಕಥಾ’ ಮಾಲೆಯನ್ನು ಆರಂಭಿಸಿದ ಅನಂತ ಪೈ ಅವರಿಗೆ 2011ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ನಡೆದ ದೇಶದ ಮೊದಲ ಕಾಮಿಕ್ ಕಾನ್ ಜೀವಮಾನದ ಸಾಧನೆಗಾಗಿ ಗೌರವ ಸಲ್ಲಿಸಿತು, ಕೆಲವೇ ದಿನಗಳಲ್ಲಿ ಅವರು ನಮ್ಮನ್ನಗಲಿದರು. ನಮ್ಮಲ್ಲಿ ಕೊರತೆಯಾದದ್ದು ಕಲ್ಪನೆಯಾಗಲಿ ಕೈಚಳಕವಾಗಲಿ ಅಲ್ಲ, ಬರೆದವರನ್ನು ಎದುರಿಗೆ ಕಾಣುವ ಜಾಗ.

2012ರಲ್ಲಿ ಕೋರಮಂಗಲದ ಒಳಾಂಗಣ ಕ್ರೀಡಾಂಗಣದಲ್ಲಿ ಆರಂಭವಾದ ಬೆಂಗಳೂರು ಕಾಮಿಕ್ ಕಾನ್ ಆ ಜಾಗವನ್ನು ಸ್ವಲ್ಪ ಮಟ್ಟಿಗೆ ತುಂಬಿದೆ, ಅದಕ್ಕೆ ನಾನು ಕೃತಜ್ಞ. ಆದರೆ ಅಲ್ಲಿಯ ಕಲಾವಿದರ ಸಾಲಿನಲ್ಲಿ ಕನ್ನಡದ ಅಕ್ಷರ ಕಾಣುವುದು ಅಪರೂಪ. ಬೆಂಗಳೂರಿನಲ್ಲಿ ಕಲಾವಿದರಿಲ್ಲ ಎನ್ನುವಂತಿಲ್ಲ. 1997ರಲ್ಲಿ ಇಲ್ಲಿ ಆರಂಭವಾದ ಧ್ರುವ ಇಂಟರ್ಯಾಕ್ಟಿವ್ ಸಂಸ್ಥೆಯಿಂದ ಮೊದಲ್ಗೊಂಡು, ವಿದೇಶದ ಗೇಮ್‌ಗಳಿಗೆ ಚಿತ್ರ, ಮಾದರಿ ಮಾಡಿಕೊಡುವ ಕೆಲಸ ಈ ಊರಿನಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿದೆ. ಹಗಲಿಡೀ ಬೇರೆಯವರ ಲೋಕಗಳನ್ನು ಕಟ್ಟಿಕೊಡುವ ಆ ಹುಡುಗ ಹುಡುಗಿಯರ ಬಳಿ ಸ್ವಂತದ ರಾಕ್ಷಸರೂ ಕಾಡುಗಳೂ ಇವೆ. ಕುಮಾರಕೃಪಾ ರಸ್ತೆಯಲ್ಲಿ ಪ್ರತಿ ಜನವರಿಯಲ್ಲಿ ಚಿತ್ರಸಂತೆ ನಡೆದಾಗ ಜನ ಮುಗಿಬಿದ್ದು ಬರುವುದನ್ನು ನೋಡಿದರೆ, ಕಲಾವಿದರಿಂದ ನೇರವಾಗಿ ಕೊಳ್ಳುವ ಅಭ್ಯಾಸವೂ ನಮ್ಮವರಿಗೆ ಹೊಸದಲ್ಲ.

ನನ್ನ ಬೇಡಿಕೆ ದೊಡ್ಡದೇನೂ ಅಲ್ಲ. ಕನ್ನಡ ಸಾಹಿತ್ಯ ಸಮ್ಮೇಳನದಲ್ಲಿ ಪುಸ್ತಕ ಮಳಿಗೆಗಳಿಗೆ ಎಷ್ಟೊಂದು ಜನ ಬರುತ್ತಾರೆ; ಅಲ್ಲೇ ಒಂದು ಸಾಲಿನಲ್ಲಿ ಹತ್ತು ಮೇಜುಗಳನ್ನು ಚಿತ್ರಕಥೆಗಾರರಿಗೆ, ಫ್ಯಾಂಟಸಿ ಚಿತ್ರಕಾರರಿಗೆ ಬಾಡಿಗೆಯಿಲ್ಲದೆ ಕೊಡಲಿ. ಒಂದು ದೀಪ, ಒಂದು ಕುರ್ಚಿ, ಕನ್ನಡದಲ್ಲಿ ಹೆಸರು ಬರೆದ ಫಲಕ, ಎದುರಿಗೆ ಮಕ್ಕಳು ಕುಳಿತು ಬರೆಯಲು ಒಂದಿಷ್ಟು ಬಿಳಿ ಹಾಳೆ ಇದ್ದರೆ ಆಯಿತು. ಬೆಂಗಳೂರು ಕಾಮಿಕ್ ಕಾನ್ ನಡೆಸುವವರೂ ಕಲಾವಿದರ ಸಾಲನ್ನು ಗೇಮಿಂಗ್ ವೇದಿಕೆಯ ಗದ್ದಲದಿಂದ ದೂರ, ಜನ ಒಳಗೆ ಬರುವ ದಾರಿಯಲ್ಲೇ ಇಡಲಿ. ಅಂಥ ಮೇಜಿನಲ್ಲಿ ಕೂರಬೇಕಾದವರು, ಕನ್ನಡದ ಕಥೆಗಳಿಗೆ ಅದ್ಭುತ ಲೋಕದ ಚಿತ್ರ ಬರೆಯುತ್ತಿರುವವರು ನಿಮಗೆ ಗೊತ್ತಿದ್ದರೆ, ಅವರ ಒಪ್ಪಿಗೆ ಪಡೆದು ಹೆಸರನ್ನು ಕೆಳಗೆ ಬರೆಯಿರಿ. ಪಟ್ಟಿ ಮಾಡಿ ಎರಡೂ ಕಡೆಯವರಿಗೆ ತಲುಪಿಸುವ ಕೆಲಸವನ್ನು ನಾನು ಮಾಡುತ್ತೇನೆ.